ಎಂಜಿನ್ ಮಲಗಿದ ಶುಕ್ರವಾರ

ಮೊಲ್ಲಿಗೆ ಆ ದೋಣಿಯ ಮೇಲೆ ದ್ವೇಷವೇನೂ ಇರಲಿಲ್ಲ. ದಡದಲ್ಲಿ ನಿಂತು ನೋಡಿದರೆ ಚೆಂದವಾಗಿಯೇ ಕಾಣುತ್ತಿತ್ತು. ಬಿಳಿ ಮೈ, ಸೊಂಟಕ್ಕೊಂದು ನೀಲಿ ಗೆರೆ, ನಡುವೆ ನೆಟ್ಟಗೆ ಎದ್ದ ಹಾಯಿಮರ. ಹತ್ತಿದರೆ ಮಾತ್ರ ಕಷ್ಟ. ಎರಡು ವರ್ಷದ ಹಿಂದೆ ಮೊದಲ ಸಲ ಹತ್ತಿದಾಗ, ದೋಣಿಗಳನ್ನು ಕಟ್ಟುವ ಮರೀನಾದ ಬಾಯಿ ದಾಟುವುದರೊಳಗೆ ಹೊಟ್ಟೆ ತೊಳಸಿ, ಬೆಳಿಗ್ಗೆ ತಿಂದದ್ದೆಲ್ಲ ಸಮುದ್ರದ ಪಾಲಾಗಿತ್ತು. ಆಮೇಲೆ ಅವಳು ಅದರ ಸಹವಾಸಕ್ಕೆ ಹೋಗಿರಲಿಲ್ಲ. ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಗಂಡ ರೋಕ್ ಮರೀನಾದ ಕಡೆ ಕಾರು ತಿರುಗಿಸಿದರೆ ಅವಳು ಬಸ್ಸು ಹಿಡಿದು ಕುವೈಟಿನ ಖೈತಾನಿನಲ್ಲಿದ್ದ ತಮ್ಮ ಫ್ಲ್ಯಾಟಿಗೆ ಬಂದು ಕಾಲು ಚಾಚಿ ಮಲಗುತ್ತಿದ್ದಳು. ಸರಕಾರಿ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ನರ್ಸಾಗಿ ವಾರವಿಡೀ ನಿಂತ ಕಾಲು ಅದು.

ದೋಣಿ ಬಂದದ್ದು ಸೋರನ್‌ನಿಂದ. ಡೆನ್ಮಾರ್ಕಿನವನು, ಅರ್ದಿಯಾದಲ್ಲಿ ರೋಕ್ ಸ್ಟೋರ್ ನೋಡಿಕೊಳ್ಳುವ ಪಂಪು ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ. ನಿವೃತ್ತನಾಗಿ ಊರಿಗೆ ಹೊರಟಾಗ, ಇದನ್ನು ಮಾರಲು ಮನಸ್ಸು ಬರುವುದಿಲ್ಲ, ನೀನೇ ಇಟ್ಟುಕೋ ಎಂದು ರೋಕ್‌ನ ಕೈಗೆ ಬೀಗದ ಕೈ ಕೊಟ್ಟುಬಿಟ್ಟ. ಒಬ್ಬನಿಗೇ ಧೈರ್ಯ ಸಾಲದೆ ರೋಕ್ ತನ್ನ ಗೆಳೆಯ ಅಲಿಕುಂಞಿಯನ್ನು ಸೇರಿಸಿಕೊಂಡ. ಮಹಬೂಲಾದಲ್ಲಿ ದಿನಸಿ ಅಂಗಡಿ ಇಟ್ಟ ಉಳ್ಳಾಲದ ಬ್ಯಾರಿ ಮುಸ್ಲಿಮ ಅವನು. ರೋಕ್ ಅವನನ್ನು 'ಬ್ಯಾರಿಗಳೇ' ಎಂದೂ, ಅವನು ಕ್ರೈಸ್ತನಾದ ರೋಕ್‌ನನ್ನು 'ಪೊರ್ಬುಗಳೇ' ಎಂದೂ ಕರೆಯುವುದು. ದೊಡ್ಡ ದನಿ, ದೊಡ್ಡ ಹೊಟ್ಟೆ, ಎಲ್ಲದಕ್ಕೂ ತಯಾರು. ಇಬ್ಬರೂ ಸೇರಿ ಮೊದಲ ದಿನವೇ ದೊಡ್ಡ ಹಾಯಿ ಏರಿಸಿದರು. ದೋಣಿ ಒಂದು ಪಕ್ಕಕ್ಕೆ ವಾಲಿತು. ಹಾಯಿಯ ಬುಡದ ಅಡ್ಡಕಂಬ ಸುಂಯ್ಯನೆ ತಿರುಗಿ ಅಲಿಕುಂಞಿಯ ಟೋಪಿಯನ್ನು ಹಾರಿಸಿಕೊಂಡು ಹೋಯಿತು. ಟೋಪಿಯ ಬದಲು ತಲೆಯೇ ಹೋಗಬಹುದಿತ್ತು ಎಂದು ರೋಕ್‌ಗೆ ಜ್ವರ ಬಂದಷ್ಟು ಹೆದರಿಕೆಯಾಯಿತು. ಅವತ್ತು ಇಳಿಸಿ ಮಡಚಿ ಕಟ್ಟಿದ ಹಾಯಿ ಮತ್ತೆ ಏರಲಿಲ್ಲ. ಅಲ್ಲಿಂದೀಚೆಗೆ ಅದು ಡೀಸೆಲ್ ಎಂಜಿನ್ನಿನಲ್ಲಿ ಡುಗು ಡುಗು ಅಂತ ಹೋಗಿ ಡುಗು ಡುಗು ಅಂತ ಬರುವ ಹಾಯಿದೋಣಿ.

ಹಾಯಿಯ ವಿಷಯದಲ್ಲಿ ಎಷ್ಟು ಪುಕ್ಕಲೋ ಎಂಜಿನ್ನಿನ ವಿಷಯದಲ್ಲಿ ರೋಕ್ ಅಷ್ಟೇ ನಿಷ್ಠಾವಂತ. ಚಳಿಗಾಲಕ್ಕೆ ಮೊದಲು ಎಂಜಿನ್ನನ್ನು ಹೇಗೆ ಮಲಗಿಸಬೇಕು ಎಂದು ಸೋರನ್ ಕಲಿಸಿಹೋಗಿದ್ದ. ಅವನ ಊರಲ್ಲಾದರೆ ಕೊಳವೆಗಳಲ್ಲಿ ನಿಂತ ನೀರು ಹೆಪ್ಪುಗಟ್ಟಿ, ಉಬ್ಬಿ, ಕಬ್ಬಿಣವನ್ನೇ ಸೀಳಿಬಿಡುತ್ತದಂತೆ. ಕುವೈಟಿನಲ್ಲಿ ಮರೀನಾದ ನೀರು ಹೆಪ್ಪುಗಟ್ಟಿದ್ದನ್ನು ಕಂಡವರಿಲ್ಲ. ಆದರೂ ಕ್ರಿಸ್ಮಸ್ ರಜೆಗೆ ಊರಿಗೆ ಹೋಗುವಾಗ ದೋಣಿ ಸುಮ್ಮನೆ ನಿಂತಿರುತ್ತದೆ, ಉಪ್ಪು ಒಳಗೇ ಕೂತು ತಿನ್ನುತ್ತದೆ, ಧೂಳು ನುಗ್ಗುತ್ತದೆ ಎಂದು ರೋಕ್ ವಾದಿಸುತ್ತಿದ್ದ. ಈ ಸಲ ಮಂಗಳೂರಿನಲ್ಲಿ ಓದುವ ಮಗಳು ಜಾನಿಸ್ ಜೊತೆ ಹಬ್ಬ ಕಳೆಯಲು ಟಿಕೆಟ್ ಆಗಿತ್ತು. ಎಂಜಿನ್ ಮಲಗಿಸುವ ಹೊತ್ತು ಬಂದಿತ್ತು.

"ನೀನು ದೋಣಿ ಹತ್ತುವುದೇ ಬೇಡ," ಎಂದ ಅವನು, ಆ ಶುಕ್ರವಾರ ಇಗರ್ಜಿಯ ಗೇಟಿನಲ್ಲಿ. "ಜೆಟ್ಟಿಯ ಮೇಲೆ ನಿಂತ್ಕೊ. ಹಿಂದಿನ ಹೊಗೆಕೊಳವೆಯಿಂದ ನೀರು ಬರ್ತದೆ. ಅದರ ಬಣ್ಣ ಹೇಳು, ಸಾಕು. ಬ್ಯಾರಿಗಳು ನಮಾಜು ಮುಗಿಸಿ ಬರುವಾಗ ತಡ ಆಗ್ತದೆ."

"ಬಣ್ಣ ಹೇಳ್ಲಿಕ್ಕೆ ನಾನೇ ಬೇಕಾ?"

"ನಾನು ಎಂಜಿನ್ನಿನ ಹತ್ರ ಇರ್ತೇನಲ್ಲ. ನನಗೆ ಕಾಣೂದಿಲ್ಲ ಮಾರಾಯ್ತಿ."

ಮೊಲ್ಲಿ ಹೋದಳು. ಹೇಗೂ ಅಲಿಕುಂಞಿಯ ಮನೆಗೆ ಕೊಡಲು ಕ್ರಿಸ್ಮಸ್ ತಿಂಡಿಗಳ, ಕುಸ್ವಾರಿನ, ಡಬ್ಬ ಕೈಯಲ್ಲಿತ್ತು. ಹಬ್ಬಕ್ಕೆಂದು ಅವಳೇ ಕರಿದ ಕರ್ಜಿಕಾಯಿಯಂಥ ನೆವ್ರಿ, ಸಕ್ಕರೆ ಪಾಕದಲ್ಲಿ ಹೊರಳಿಸಿದ ಹಿಟ್ಟಿನ ಸುರುಳಿ ಕಿಡ್ಯೊ ಅದರಲ್ಲಿದ್ದವು.

ಮಹಬೂಲಾದ ಎತ್ತರದ ಕಟ್ಟಡಗಳಿಂದ ಸ್ವಲ್ಪ ಆಚೆ, ಕಲ್ಲಿನ ಒಡ್ಡಿನ ಮರೆಯಲ್ಲಿ ಆ ಸಣ್ಣ ಮರೀನಾ. ಡಿಸೆಂಬರಿನ ಬಿಸಿಲು ಹದವಾಗಿತ್ತು. ನೀರು ಕುಡಿಯಬಹುದೇನೋ ಅನ್ನುವಷ್ಟು ತಿಳಿಯಾಗಿತ್ತು. ರೋಕ್ ಒಳಗಿಳಿದು, ಸಮುದ್ರದ ನೀರು ಎಂಜಿನ್ನಿಗೆ ಬರುವ ವಾಲ್ವನ್ನು ಮುಚ್ಚಿ, ಅದರ ಕೊಳವೆಯ ತುದಿಯನ್ನು ಒಂದು ಬಕೆಟ್ಟಿನಲ್ಲಿ ಅದ್ದಿಟ್ಟ. ಬಕೆಟ್ಟಿಗೆ ಜೆಟ್ಟಿಯ ನಲ್ಲಿಯಿಂದ ಸಿಹಿನೀರು ಬೀಳುತ್ತಿತ್ತು. ಎಂಜಿನ್ ಕೆಮ್ಮಿ ಎದ್ದಿತು. ಹಿಂಬದಿಯ ತೂತಿನಿಂದ ಹೊಗೆಯೂ ನೀರೂ ಒಟ್ಟಿಗೆ ಬುಸ್ ಬುಸ್ ಎಂದು ಚಿಮ್ಮಿದವು. ಮೊಲ್ಲಿ ಶಾಲನ್ನು ಮೂಗಿಗೆ ಒತ್ತಿಕೊಂಡು ಬಗ್ಗಿ ನೋಡಿದಳು.

"ಎಂತ ಬಣ್ಣ?" ಒಳಗಿನಿಂದ ದನಿ ಬಂತು.

"ನೀರಿನ ಬಣ್ಣ!"

ಉಪ್ಪೆಲ್ಲ ತೊಳೆದುಹೋಗುವಷ್ಟು ಹೊತ್ತು ಓಡಿಸಿದ ಮೇಲೆ ರೋಕ್ ನಲ್ಲಿ ನಿಲ್ಲಿಸಿ ಬಕೆಟ್ಟಿಗೆ ಗುಲಾಬಿ ಬಣ್ಣದ ಕೂಲೆಂಟ್ ಸುರಿದ. ಎಂಜಿನ್ ಅದನ್ನು ಹೀರಿಕೊಂಡು ತನ್ನ ಹೊಟ್ಟೆ ಕರುಳುಗಳಲ್ಲೆಲ್ಲ ಹರಿಸಿ ಸೈಲೆನ್ಸರಿನ ಡಬ್ಬ ತುಂಬಿಸಿ ಹೊರಗೆ ಉಗುಳಬೇಕು. ಆಗ ಒಳಗೆ ಉಳಿಯುವುದು ಅದೇ, ತುಕ್ಕು ಹಿಡಿಯುವುದಿಲ್ಲ. ಮೊಲ್ಲಿಗೆ ಇದು ಅಷ್ಟೇನೂ ಪರಕೀಯ ಅನಿಸಲಿಲ್ಲ. ದಿನಾ ಅವಳು ಮಾಡುವುದೂ ಕೊಳವೆ ತೊಳೆಯುವುದು, ಒಳಗೆ ಹೋದದ್ದು ಹೊರಗೆ ಯಾವ ಬಣ್ಣದಲ್ಲಿ ಬರುತ್ತದೆಂದು ಕಾಯುವುದು. ಚಿಮ್ಮುವ ನೀರು ಗುಲಾಬಿಗೆ ತಿರುಗಿದ್ದೇ ತಡ, ವಾರ್ಡಿನಲ್ಲಿ ಡಾಕ್ಟರನ್ನು ಕೂಗುವ ದನಿಯಲ್ಲೇ ಕೂಗಿದಳು:

"ಬಂತು ಬಂತು! ರೋಸ್ ಬಂತು! ನಿಲ್ಲಿಸು!"

ಅದೇ ಹೊತ್ತಿಗೆ ಪಕ್ಕದ ಕಟ್ಟೆಯಲ್ಲಿ ದೋಣಿ ಕಟ್ಟುವ ಬೂ ಮಿಶಾರಿ, ಅಂದರೆ ಮಿಶಾರಿಯ ಅಪ್ಪ, ಗಾಳದ ಕೋಲು ಹಿಡಿದುಕೊಂಡು ಬಂದ. ನಿವೃತ್ತ ಭೂಗೋಳ ಮೇಷ್ಟ್ರು. ಎಪ್ಪತ್ತು ದಾಟಿದ ಕುವೈಟಿ. ಎರಡಾಳು ಕೂರುವ ಒಂದು ಸಣ್ಣ ಫೈಬರ್ ದೋಣಿ ಅವನದ್ದು. ಜುಮಾ ನಮಾಜು ಮುಗಿಸಿ ನೇರ ಸಮುದ್ರಕ್ಕೆ ಹೊರಟಿದ್ದ.

"ಯಾ ರೋಕ್," ಎಂದ ಅವನು, ಊರಿನ ಅರಬ್ಬಿಯನ್ನೂ ಕಲಿತ ಇಂಗ್ಲಿಷನ್ನೂ ಬೆರೆಸಿ, "ಮತ್ತೆ ಎಂಜಿನ್ನಿಗೆ ಕಂಬಳಿ ಹೊದೆಸ್ತಿದ್ದೀಯಾ? ನಾನು ಮೂವತ್ತು ವರ್ಷ ಮಕ್ಕಳಿಗೆ ಭೂಪಟ ಕಲಿಸಿದೆ. ಕುವೈಟಿನಲ್ಲಿ ಹಿಮ ಎಲ್ಲಿ ಬೀಳ್ತದೆ, ತೋರಿಸು."

"ಹಿಮಕ್ಕಲ್ಲ, ಉಪ್ಪಿಗೆ," ಎಂದ ರೋಕ್ ತಲೆ ಹೊರಗೆ ಹಾಕಿ.

"ಹಾಯಿ ಇರುವ ದೋಣಿಗೆ ಎಂಜಿನ್ನಿನದೇ ಚಿಂತೆ!" ಬೂ ಮಿಶಾರಿ ನಕ್ಕ. ಮೊಲ್ಲಿಯ ಕಡೆ ಎದೆಯ ಮೇಲೆ ಕೈಯಿಟ್ಟು ಮರ್ಯಾದೆಯಿಂದ ತಲೆ ಬಾಗಿಸಿದ. ಮತ್ತೆ ಅವನ ದೋಣಿ ನೀರು ಸೀಳಿಕೊಂಡು ಹೋಗಿಯೇಬಿಟ್ಟಿತು.

ಅಲಿಕುಂಞಿ ಬರುವಾಗ ಹೆಂಡತಿ ಆಮಿನಮ್ಮ ಕಟ್ಟಿಕೊಟ್ಟ ತುಪ್ಪದನ್ನ, ಕೋಳಿ ಸುಕ್ಕದ ಪಾತ್ರೆ ತಂದಿದ್ದ. ಊಟಕ್ಕೆ ಮೊದಲು ಉಳಿದ ಕೆಲಸ ಮುಗಿಸುವ ಎಂದು ರೋಕ್ ಹಟ ಹಿಡಿದ. ಬಿಸಿ ಇರುವಾಗಲೇ ಹಳೆ ಆಯಿಲ್ ತೆಗೆದು ಹೊಸತು ಹಾಕಿದ್ದಾಯಿತು. ನೀರೆಳೆಯುವ ಪಂಪು ಬಿಚ್ಚಿ ಒಳಗಿನ ಇಂಪೆಲ್ಲರನ್ನು, ಅಂದರೆ ಹೂವಿನ ಎಸಳಿನಂಥ ರಬ್ಬರ್ ಚಕ್ರವನ್ನು, ಹೊರಗೆ ತೆಗೆದದ್ದಾಯಿತು. ಹಾಗೇ ಬಿಟ್ಟರೆ ಎಸಳು ಮಡಚಿದಲ್ಲೇ ಸೆಟೆದುಕೊಳ್ಳುತ್ತದಂತೆ. ಪಂಪಿನ ಮುಚ್ಚಳ ಸೋರದಂತೆ ಕೂರಿಸುವ ಕಾಗದದ ಗ್ಯಾಸ್ಕೆಟ್ ತೆಗೆಯುವಾಗ ಹರಿದುಹೋಯಿತು. ಹೊಸತನ್ನು ಊರಿಂದ ಬಂದ ಮೇಲೆ ಹಾಕಿದರಾಯಿತು ಎಂದ ರೋಕ್. ಕೊನೆಗೆ ಗಾಳಿ ಎಳೆಯುವ ಬಾಯಿಗೆ ಎಣ್ಣೆ ಬಟ್ಟೆ, ಹಿಂದಿನ ಹೊಗೆಕೊಳವೆಗೆ ಮರದ ಬೆಣೆ. ಸುತ್ತಿಗೆಯಲ್ಲಿ ಎರಡೇಟು ಹಾಕಿ, "ಖಲಾಸ್! ಇನ್ನು ಜನವರಿವರೆಗೆ ಇವಳು ಏಳೂದಿಲ್ಲ," ಎಂದು ಕೈ ಒರೆಸಿಕೊಂಡ.

ಜೆಟ್ಟಿಯ ಹಲಗೆಯ ಮೇಲೆ ಪೇಪರು ಹಾಸಿ ಮೂವರೂ ಊಟಕ್ಕೆ ಕೂತರು. ಸುಕ್ಕದ ಖಾರಕ್ಕೆ ರೋಕ್‌ನ ಮೂಗಲ್ಲಿ ನೀರು ಇಳಿಯುತ್ತಿತ್ತು. ಊಟ ಮುಗಿದು ಕೈ ತೊಳೆಯುವಾಗ ಅಲಿಕುಂಞಿಯ ಫೋನು ರಿಂಗಾಯಿತು. ಕರೆ ಬೂ ಮಿಶಾರಿಯದು; ಅವನ ಮನೆಗೆ ಸಾಮಾನು ಹೋಗುವುದು ಅಲಿಕುಂಞಿಯ ಅಂಗಡಿಯಿಂದಲೇ, ನಂಬರ್ ಪರಿಚಯದ್ದು.

"ಎಂಜಿನ್ ನಿಂತಿದೆಯಂತೆ," ಅಲಿಕುಂಞಿ ಫೋನಿಗೆ ಕೈ ಅಡ್ಡ ಹಿಡಿದು ಹೇಳಿದ. "ಗಾಳಿ ಹೊರಗೆ ತಳ್ತಾ ಉಂಟಂತೆ. ಯಾರಿಗೂ ಹೇಳ್ಬೇಡ, ನೀವು ಬಂದು ಎಳ್ಕೊಂಡು ಹೋಗಿ ಅಂತಾರೆ. ಕೋಸ್ಟ್‌ಗಾರ್ಡಿಗೆ ಹೇಳಿದ್ರೆ ಮಗನಿಗೆ ಗೊತ್ತಾಗ್ತದೆ, ಮತ್ತೆ ದೋಣಿಯ ಕೀ ಸಿಗೂದಿಲ್ಲ ಅಂತ."

ರೋಕ್ ಮರದ ಬೆಣೆಯ ಕಡೆ ನೋಡಿದ. ಅಲಿಕುಂಞಿಯೂ ನೋಡಿದ. ಇಬ್ಬರಿಗೂ ಒಂದೇ ಹೊತ್ತಿಗೆ ನಗು ಬಂದು, ಒಂದೇ ಹೊತ್ತಿಗೆ ನಿಂತಿತು.

"ಸ್ಪೀಕರಿಗೆ ಹಾಕಿ, ಅಲಿಕಾಕ," ಎಂದಳು ಮೊಲ್ಲಿ.

ಬೂ ಮಿಶಾರಿಯ ದನಿ ಬಂತು. ಇರುವ ಜಾಗದ ಗುರುತನ್ನು ಫೋನಿಗೆ ಕಳಿಸಿದ್ದೇನೆ ಎಂದ. ಮತ್ತೆ ಅದನ್ನೇ ಹೇಳಿದ. ಮತ್ತೆ ನಡುವೆ ಯಾವುದೋ ಶಾಲೆಯ ಘಂಟೆಯ ಮಾತು ತೆಗೆದ. ಮಾತು ಒದ್ದೆ ಬಟ್ಟೆಯ ಹಾಗೆ ಜೋತಾಡುತ್ತಿತ್ತು. ಅದನ್ನು ಕೇಳಿ ಮೊಲ್ಲಿಯ ಬೆನ್ನು ನೆಟ್ಟಗಾಯಿತು. ಈ ದನಿ ಅವಳ ವಾರ್ಡಿನಲ್ಲಿ ವಾರಕ್ಕೊಮ್ಮೆಯಾದರೂ ಕೇಳಿಬರುವಂಥದ್ದು.

"ಅವರಿಗೆ ಸಕ್ಕರೆ ಕಾಯಿಲೆ ಉಂಟಾ?"

"ಉಂಟು. ಅಂಗಡಿಯಿಂದ ಅವರಿಗೆ ಬೇರೆಯೇ ಬಿಸ್ಕುಟು ಹೋಗೂದು."

ಅವಳು ಫೋನಿಗೆ ಬಾಯಿಟ್ಟು ತನಗೆ ಬರುವ ಆಸ್ಪತ್ರೆಯ ಅರಬ್ಬಿಯಲ್ಲಿ ಕೇಳಿದಳು: ಸೂಜಿ ಚುಚ್ಚಿಕೊಂಡಿರಾ? ಚುಚ್ಚಿಕೊಂಡೆ. ಊಟ ಮಾಡಿದಿರಾ? ಸ್ಯಾಂಡ್‌ವಿಚ್ ಕಾರಿನಲ್ಲಿ ಬಿಟ್ಟು ಬಂದೆ. ತಿನ್ನಲು ಏನಾದರೂ ಇದೆಯಾ? ಕಹಿ ಕಾಫಿ ಇದೆ. ಮೀನಿಗೆ ಹಾಕುವ ಸಿಗಡಿ ಇದೆ.

"ಮಗನಿಗೆ ಗೊತ್ತಾದ್ರೆ ಗೊತ್ತಾಗ್ಲಿ," ಎಂದಳು ಮೊಲ್ಲಿ. "ಕೋಸ್ಟ್‌ಗಾರ್ಡಿಗೆ ಈಗಲೇ ಹೇಳಿ. ಇವರಿಗೆ ಸಕ್ಕರೆ ಇಳಿದಿದೆ. ಪ್ರಜ್ಞೆ ತಪ್ಪಿದ್ರೆ ಮತ್ತೆ ಯಾರೂ ಏನೂ ಮಾಡ್ಲಿಕ್ಕಾಗೂದಿಲ್ಲ."

ಕೋಸ್ಟ್‌ಗಾರ್ಡಿನವರು ಗುರುತು ತೆಗೆದುಕೊಂಡರು. ದೋಣಿ ಕಳಿಸುತ್ತೇವೆ, ಆದರೆ ಅದು ಈಗ ಫೈಲಕಾ ದ್ವೀಪದ ಕಡೆ ಇದೆ, ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂದರು. ಜೆಟ್ಟಿಯಲ್ಲಿ ದೋಣಿಗಳೇನೋ ಸಾಲಾಗಿ ನಿಂತಿದ್ದವು, ಯಜಮಾನರು ಒಬ್ಬರೂ ಇಲ್ಲ. ಚಳಿ ಬಿತ್ತೆಂದರೆ ಊರಿಗೆ ಊರೇ ಮರುಭೂಮಿಯಲ್ಲಿ ಡೇರೆ ಹಾಕಿಕೊಂಡು ಕೂರುವ ಕಾಲ ಅದು.

"ಇಂಪೆಲ್ಲರ್ ವಾಪಸ್ ಹಾಕಿದ್ರೆ?" ಅಲಿಕುಂಞಿ ಕೇಳಿದ.

"ಗ್ಯಾಸ್ಕೆಟ್ ಇಲ್ಲ. ನೀರೆಳೆಯೂದಿಲ್ಲ. ಮರೀನಾ ದಾಟುವುದರೊಳಗೆ ಸುಟ್ಟುಹೋಗ್ತದೆ." ರೋಕ್ ತುಟಿ ಕಚ್ಚಿಕೊಂಡು ನಿಂತ. ಅವನ ಕಣ್ಣು ಮಾತ್ರ ನಿಧಾನವಾಗಿ ಮೇಲೆ ಹೋಗುತ್ತಿತ್ತು, ಹಾಯಿಮರದ ಗುಂಟ. ಅದರ ತುದಿಯ ಸಣ್ಣ ಬಾಣ ಸಮುದ್ರಕ್ಕೆ ಬೆನ್ನು ಹಾಕಿ, ವಾಯವ್ಯದಿಂದ ಬೀಸುವ ಗಾಳಿಗೆ ಮೂಗು ಕೊಟ್ಟು ನಡುಗುತ್ತಿತ್ತು. ಗಾಳಿ ದಡದಿಂದ ಸಮುದ್ರಕ್ಕೆ. ಬೂ ಮಿಶಾರಿ ಹೋದ ಕಡೆಗೇ.

"ಮುಂದಿನ ಸಣ್ಣ ಹಾಯಿ ಮಾತ್ರ," ಎಂದ ರೋಕ್ ಕೊನೆಗೆ. "ಅದಕ್ಕೆ ಅಡ್ಡಕಂಬ ಇಲ್ಲ. ಯಾರ ತಲೆಗೂ ಬಡಿಯೂದಿಲ್ಲ. ಬ್ಯಾರಿಗಳೇ, ಆಗ್ತದಾ?"

"ನನ್ನ ಟೋಪಿ ಇವತ್ತು ಮನೆಯಲ್ಲೇ ಉಂಟು. ಯಲ್ಲಾ!"

ಮೊಲ್ಲಿ ಕುಸ್ವಾರಿನ ಡಬ್ಬವನ್ನೂ ಊಟಕ್ಕೆ ತಂದು ಉಳಿದಿದ್ದ ಕಿತ್ತಳೆ ಜ್ಯೂಸಿನ ಪ್ಯಾಕೆಟ್ಟುಗಳನ್ನೂ ಕಂಕುಳಿಗೆ ಸಿಕ್ಕಿಸಿಕೊಂಡು, ಯಾರೂ ಕರೆಯುವ ಮೊದಲೇ ದೋಣಿಗೆ ಕಾಲಿಟ್ಟಳು. ರೋಕ್ ಬಾಯಿ ತೆರೆದ.

"ನನ್ನ ಹೊಟ್ಟೆ ನಾನು ನೋಡ್ಕೊಳ್ತೇನೆ. ನೀನು ಹಗ್ಗ ನೋಡ್ಕೊ," ಎಂದಳು.

ಗಂಡಸರಿಬ್ಬರೂ ಜೆಟ್ಟಿಯ ಗುಂಟ ದೋಣಿಯನ್ನು ಹಗ್ಗದಲ್ಲಿ ಎಳೆದುಕೊಂಡು, ಹಟಮಾರಿ ಎಮ್ಮೆಯನ್ನು ಕೊಟ್ಟಿಗೆಯಿಂದ ಹೊರಡಿಸುವ ಹಾಗೆ, ತುದಿಗೆ ತಂದರು. ಮತ್ತೆ ಹಾರಿ ಹತ್ತಿದರು. ರೋಕ್ ಮುಂದಿನ ಹಗ್ಗ ಎಳೆದ. ಸುರುಳಿ ಸುತ್ತಿದ್ದ ಹಾಯಿ ಬಿಚ್ಚಿಕೊಂಡು, ಎರಡು ಸಲ ಪಟಪಟ ಹೊಡೆದುಕೊಂಡು, ಫಕ್ಕನೆ ಗಾಳಿ ತುಂಬಿ ಉಬ್ಬಿತು. ದೋಣಿ ಹೊರಟಿತು. ಯಾವ ಸದ್ದೂ ಇಲ್ಲದೆ ಹೊರಟದ್ದರಿಂದ ಮೊಲ್ಲಿಗೆ ಮೊದಲು ಗೊತ್ತೇ ಆಗಲಿಲ್ಲ. ಜೆಟ್ಟಿಯೇ ಹಿಂದೆ ಸರಿಯುತ್ತಿದೆ ಅನಿಸಿತು.

"ಚುಕ್ಕಾಣಿ ಹಿಡಿ!" ರೋಕ್ ಮುಂದಿನಿಂದ ಕಿರುಚಿದ. "ಎಡಕ್ಕೆ! ಎಡಕ್ಕೆ!"

ಹಿಂಬದಿಯಲ್ಲಿ ಮರದ ಹಿಡಿ ಯಾರ ಕೈಯಲ್ಲೂ ಇಲ್ಲದೆ ಅಲ್ಲಾಡುತ್ತಿತ್ತು. ಮೊಲ್ಲಿ ಅದನ್ನು ಹಿಡಿದು ಎಡಕ್ಕೆ ದೂಡಿದಳು. ದೋಣಿ ಬಲಕ್ಕೆ, ನೇರ ಕಲ್ಲಿನ ಒಡ್ಡಿನ ಕಡೆಗೆ ತಿರುಗಿತು.

"ಉಲ್ಟಾ, ಮೊಲ್ಲಿಬಾಯಿ, ಉಲ್ಟಾ!" ಅಲಿಕುಂಞಿ ಎರಡೂ ಕೈ ಬೀಸಿದ. "ಎಡಕ್ಕೆ ಹೋಗ್ಬೇಕಾದ್ರೆ ಬಲಕ್ಕೆ ದೂಡಿ!"

"ಮೊದಲೇ ಹೇಳ್ಬಾರ್ದಾ!" ಅವಳು ಹಿಡಿಯನ್ನು ಬಲಕ್ಕೆ ಒತ್ತಿದಳು. ಒಡ್ಡಿನ ಕಲ್ಲುಗಳ ಮೇಲಿನ ಏಡಿಗಳು ಎಣಿಸುವಷ್ಟು ಹತ್ತಿರ ಬಂದು ಪಕ್ಕಕ್ಕೆ ಸರಿದುಹೋದವು. ಮುಂದೆ ಬರೀ ನೀಲಿ.

ಮೊಲ್ಲಿ ಉಸಿರು ಬಿಟ್ಟು, ಹೊಟ್ಟೆ ತೊಳಸುವುದನ್ನೇ ಕಾದು ಕೂತಳು. ಅಲೆಗಳು ಹಿಂದಿನಿಂದ ಬಂದು ದೋಣಿಯನ್ನು ಎತ್ತಿ ಇಳಿಸುತ್ತಿದ್ದವು. ಗಾಳಿಯಲ್ಲಿ ಉಪ್ಪಿನ ವಾಸನೆ ಬಿಟ್ಟರೆ ಬೇರೇನಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳಿಗೆ ಹೊಳೆಯಿತು: ಎರಡು ವರ್ಷದ ಹಿಂದೆ ಅವಳು ಕೂತದ್ದೂ ಇಲ್ಲೇ, ಹೊಗೆಕೊಳವೆಯ ನೇರ ಮೇಲೆ. ಅವತ್ತು ಗಾಳಿ ಹಿಂದಿನಿಂದ ಬೀಸಿ ಡೀಸೆಲ್ ಹೊಗೆಯನ್ನೆಲ್ಲ ಅವಳ ಮುಖಕ್ಕೇ ತಂದು ಸುರಿದಿತ್ತು.

"ರೋಕ್! ನನಗೆ ಸಮುದ್ರ ಆಗೂದಿಲ್ಲ ಅಂತ ಅಲ್ಲ. ನಿನ್ನ ಎಂಜಿನ್ ಆಗೂದಿಲ್ಲ ಅಷ್ಟೆ!"

ರೋಕ್‌ಗೆ ಅರ್ಥವಾಯಿತೋ ಇಲ್ಲವೋ, ಹಗ್ಗ ಹಿಡಿದುಕೊಂಡೇ ತಲೆಯಾಡಿಸಿದ. ಅಲಿಕುಂಞಿ ಫೋನಿನಲ್ಲಿ ಗುರುತು ನೋಡುತ್ತ, ಅಂಗಡಿಯ ಡೆಲಿವರಿಯವನಿಗೆ ಗಲ್ಲಿ ಹೇಳುವ ಹಾಗೆ ದಾರಿ ಹೇಳುತ್ತಿದ್ದ. ನಡುನಡುವೆ ಬೂ ಮಿಶಾರಿಗೆ ಕರೆ ಮಾಡಿ ಮಾತಾಡಿಸುತ್ತಿದ್ದ. ಮೂರನೇ ಸಲ ಅವನು ಫೋನ್ ಎತ್ತಲಿಲ್ಲ. ಮೊಲ್ಲಿ ಜ್ಯೂಸಿನ ಪ್ಯಾಕೆಟ್ಟಿಗೆ ಮೊದಲೇ ಸ್ಟ್ರಾ ಚುಚ್ಚಿ, ಕಾಲುಗಳ ನಡುವೆ ಇಟ್ಟುಕೊಂಡಳು.

ಬೂ ಮಿಶಾರಿಯ ದೋಣಿ ಮೊದಲು ಬಿಳಿ ಚುಕ್ಕಿಯಾಗಿ, ಆಮೇಲೆ ಅಲೆಗಳ ನಡುವೆ ಮುಳುಗಿ ಏಳುವ ಚಪ್ಪಲಿಯ ಹಾಗೆ ಕಂಡಿತು. ಅವನು ಒರಗಿ ಕೂತಿದ್ದ. ಗಾಳದ ಕೋಲು ಕೈಯಲ್ಲೇ ಇತ್ತು. ಹತ್ತಿರ ಬಂದಂತೆ ರೋಕ್, "ಗಾಳಿಗೆ ಮುಖ ಮಾಡಿ ತಿರುಗಿಸು, ಆಗ ನಿಲ್ತದೆ," ಎಂದ. ಮೊಲ್ಲಿ ಹಿಡಿಯನ್ನು ಪೂರ್ತಿ ದೂಡಿದಳು. ದೋಣಿ ಅರ್ಧ ಸುತ್ತು ತಿರುಗಿತು, ಹಾಯಿ ಬಡಬಡಿಸಿತು, ವೇಗ ಸತ್ತಿತು. ಮೊದಲ ಸಲ ತುಂಬ ದೂರ ನಿಂತಿತು. ಇನ್ನೊಂದು ಸುತ್ತು ಹಾಕಿ ಬಂದಾಗ ಅಲಿಕುಂಞಿ ಎಸೆದ ಹಗ್ಗ ಬೂ ಮಿಶಾರಿಯ ಮಡಿಲಿಗೇ ಬಿತ್ತು. ಅವನು ಅದನ್ನು ಎತ್ತಿ, ಇದೇನೆಂಬಂತೆ ನೋಡಿದ. ಅಲಿಕುಂಞಿ ಕಾಯದೆ ಆ ದೋಣಿಗೆ ಹಾರಿಯೇಬಿಟ್ಟ; ಆ ದೊಡ್ಡ ದೇಹ ಅಷ್ಟು ಹಗುರಾಗಿ ಹಾರುತ್ತದೆಂದು ಯಾರೂ ಎಣಿಸಿರಲಿಲ್ಲ. ಹಗ್ಗ ಕಟ್ಟಿ, ಮುದುಕನನ್ನು ಮಗುವಿನ ಹಾಗೆ ಎತ್ತಿ ಈಚೆ ದಾಟಿಸಿದ.

ಬೂ ಮಿಶಾರಿಯ ಮೈ ತಣ್ಣಗೆ ಬೆವೆತಿತ್ತು, ಕೈ ನಡುಗುತ್ತಿತ್ತು. ಮೊಲ್ಲಿ ಚುಕ್ಕಾಣಿಯನ್ನು ಗಂಡನಿಗೆ ಕೊಟ್ಟು, ಮುದುಕನ ತಲೆಯನ್ನು ತನ್ನ ತೋಳಿಗೆ ಆನಿಸಿಕೊಂಡು, "ಕುಡಿಯಿರಿ, ಬಾಬಾ, ಸಣ್ಣ ಗುಟುಕು," ಎಂದಳು. ನುಂಗುತ್ತಾನೆಂದು ಖಾತ್ರಿಯಾದ ಮೇಲೆ ಇನ್ನೊಂದು ಪ್ಯಾಕೆಟ್ಟು. ಆಮೇಲೆ ಒಂದು ಕಿಡ್ಯೊ ಅವನ ಬಾಯಿಗಿಟ್ಟಳು. ಅವನು ನಿಧಾನ ಅಗಿದ. ಇನ್ನೊಂದಕ್ಕೆ ತಾನೇ ಕೈ ಚಾಚಿದ. ಕಣ್ಣಿನೊಳಗೆ ಯಾರೋ ದೀಪ ಹಾಕಿದಂತಾಯಿತು. ಅವನು ಮೊಲ್ಲಿಯನ್ನು ನೋಡಿದ, ಡಬ್ಬ ನೋಡಿದ, ಮೇಲೆ ಬಡಬಡಿಸುವ ಹಾಯಿ ನೋಡಿದ.

"ಇದರ ಹಾಯಿ ಬಿಚ್ಚಿಕೊಳ್ತದಾ?" ಎಂದ.

ಅಲಿಕುಂಞಿ ನಕ್ಕ ನಗುವಿಗೆ ದೋಣಿಯೇ ಅಲ್ಲಾಡಿತು. ಮೊಲ್ಲಿಗೆ ನಗುವಿನ ಜೊತೆ ಕಣ್ಣಲ್ಲಿ ನೀರೂ ಬಂತು. ಶಾಲಿನ ತುದಿಯಲ್ಲಿ ಒರೆಸಿಕೊಂಡಳು.

ಈಗ ಹಿಂದಿರುಗುವ ಮಾತು. ಗಾಳಿ ಮರೀನಾದ ಕಡೆಯಿಂದಲೇ ಬರುತ್ತಿತ್ತು. ಸಣ್ಣ ಹಾಯಿಯಲ್ಲಿ, ಅದೂ ಇನ್ನೊಂದು ದೋಣಿ ಎಳೆದುಕೊಂಡು, ಅದಕ್ಕೆ ಎದುರು ಹೋಗುವುದು ಆಗದ ಮಾತು. ಹೊತ್ತು ಇಳಿಯುತ್ತಿತ್ತು. ರೋಕ್‌ನ ಮುಖ ಮತ್ತೆ ಸಣ್ಣದಾಯಿತು. ಆಗ ಬೂ ಮಿಶಾರಿ ನೆವ್ರಿಯೊಂದನ್ನು ಮುರಿಯುತ್ತ, ತರಗತಿಯಲ್ಲಿ ಕೋಲು ಹಿಡಿದವನ ಹಾಗೆ ಕೈ ಚಾಚಿದ.

"ಅದು ವಾಯವ್ಯ. ಮಹಬೂಲಾ ಅಲ್ಲಿ, ಬಿಡು. ಫಹಾಹೀಲ್ ಇಲ್ಲಿ, ನೈಋತ್ಯಕ್ಕೆ. ಗಾಳಿಗೆ ಅಡ್ಡ. ಎದುರಲ್ಲ, ಅಡ್ಡ. ಅಲ್ಲಿ ಬಂದರು ಇದೆ."

"ಅಡ್ಡಕ್ಕೆ ಹೋಗ್ಬೇಕಾದ್ರೆ ದೊಡ್ಡ ಹಾಯಿ ಬೇಕು," ಎಂದ ರೋಕ್. ಅವನು ಒಮ್ಮೆ ಅಲಿಕುಂಞಿಯ ಬೋಳುತಲೆಯನ್ನು ನೋಡಿದ, ಒಮ್ಮೆ ಅಡ್ಡಕಂಬವನ್ನು. ಮತ್ತೆ ಹೆಂಡತಿಯನ್ನು.

"ನಾನು ಹಿಡ್ಕೊಳ್ತೇನೆ ಚುಕ್ಕಾಣಿ," ಎಂದಳು ಮೊಲ್ಲಿ. "ಎಡಕ್ಕೆ ಬಲ, ಬಲಕ್ಕೆ ಎಡ. ಈಗ ಬರ್ತದೆ. ನೀನು ಏರಿಸು."

"ವಾಲ್ತದೆ."

"ವಾಲಲಿ. ಮುಳುಗೂದಿಲ್ಲ ಅಂತ ಸೋರನ್ ಹೇಳಿದ್ದ ಅಂತ ನೀನೇ ನನಗೆ ಹೇಳಿದ್ದು."

ರೋಕ್ ಹಾಯಿಯ ಕಟ್ಟು ಬಿಚ್ಚಿದ. ಎಲ್ಲರನ್ನೂ ತಗ್ಗಿ ಕೂರಿಸಿದ. ಕಣ್ಣನ್ನು ಅಡ್ಡಕಂಬದ ಮೇಲೆಯೇ ಇಟ್ಟು, ಒಂದೊಂದೇ ಗೇಣು ಹಗ್ಗ ಎಳೆದ. ಎರಡು ವರ್ಷ ಮಡಚಿದ್ದ ಬಟ್ಟೆ, ಮಡಿಕೆಯ ಗುರುತುಗಳ ಸಮೇತ, ಮೇಲೆ ಮೇಲೆ ಹೋಗಿ ತುದಿ ಮುಟ್ಟಿತು. "ಈಗ ತಿರುಗಿಸು!" ಮೊಲ್ಲಿ ಹಿಡಿಯನ್ನು ಎಳೆದಳು. ಗಾಳಿ ಹಿಡಿಯಿತು. ದೋಣಿ ವಾಲಿತು, ಸರಿಯಾಗಿಯೇ ವಾಲಿತು, ಬೂ ಮಿಶಾರಿ ಡಬ್ಬವನ್ನು ಎದೆಗೆ ಅವುಚಿಕೊಂಡ. ಮರುಕ್ಷಣ ಅದು ಹಾಗೇ ಒರಗಿಕೊಂಡು, ನೀರನ್ನು ಎರಡೂ ಕಡೆ ಚೆಲ್ಲುತ್ತ, ಹಿಂದಿನ ಫೈಬರ್ ದೋಣಿಯನ್ನು ಬಾಲದಂತೆ ಎಳೆದುಕೊಂಡು ಓಡತೊಡಗಿತು.

ರೋಕ್ ಅಡ್ಡಕಂಬದ ಹಗ್ಗ ಹಿಡಿದು ಕೂತಿದ್ದ. ಮೊದಲು ಕಣ್ಣು ಮುಚ್ಚಿದ್ದ. ಆಮೇಲೆ ಒಂದು ಕಣ್ಣು ತೆರೆದ. ಆಮೇಲೆ ಅವನ ಮುಖದಲ್ಲಿ ಮೊಲ್ಲಿ ಮದುವೆಯ ದಿನ ನೋಡಿದ್ದಂಥ ಒಂದು ಪೆದ್ದು ನಗು ಮೂಡಿತು.

"ಎಂಜಿನ್ನಿಗಿಂತ ಜೋರು ಉಂಟಲ್ಲ, ಪೊರ್ಬುಗಳೇ!" ಅಲಿಕುಂಞಿ ಕೂಗಿದ. "ಇಷ್ಟು ದಿನ ನಾವು ಎಂತ ಮಾಡ್ತಾ ಇದ್ದದ್ದು?"

ಅರ್ಧ ದಾರಿಯಲ್ಲಿ ಕೋಸ್ಟ್‌ಗಾರ್ಡಿನ ದೋಣಿ ಬಂತು. ಎಳೆಯ ಅಧಿಕಾರಿಯೊಬ್ಬ ಪಕ್ಕಕ್ಕೆ ಬಂದು ಎಲ್ಲರ ತಲೆ ಎಣಿಸಿ, ಬೂ ಮಿಶಾರಿಯ ಕ್ಷೇಮ ವಿಚಾರಿಸಿದ. ಮೊಲ್ಲಿ ಹೇಳಿದ್ದನ್ನೆಲ್ಲ ರೇಡಿಯೋದಲ್ಲಿ ಆಚೆಗೆ ತಿಳಿಸಿ, ಬಂದರಿನಲ್ಲಿ ಆಂಬುಲೆನ್ಸ್ ಇರುತ್ತದೆ ಎಂದ.

"ಎಂಜಿನ್ ಯಾಕೆ ಹಾಕಿಲ್ಲ?"

"ಮಲಗಿಸಿದ್ದೇವೆ, ಸಾರ್," ಎಂದ ರೋಕ್. "ಚಳಿಗಾಲಕ್ಕೆ."

ಅಧಿಕಾರಿ ಸುತ್ತ ನೋಡಿದ. ಬಿಸಿಲು ನೀರಿನ ಮೇಲೆ ಹೊನ್ನಿನ ಹಾಗೆ ಬಿದ್ದಿತ್ತು. ಅವನ ತೋಳಿನ ಬಟ್ಟೆ ಮೊಣಕೈವರೆಗೆ ಮಡಚಿತ್ತು. "ಯಾವ ಚಳಿಗಾಲ?" ಎಂದು ಕೇಳಿದ.

"ಡೆನ್ಮಾರ್ಕಿನದು," ಎಂದ ಬೂ ಮಿಶಾರಿ ಗಂಭೀರವಾಗಿ. ಉತ್ತರ ಕೇಳಿ ಅಧಿಕಾರಿಗೆ ತಲೆಬುಡ ತಿಳಿಯಲಿಲ್ಲ. ನಗುವವರನ್ನು ನೋಡಿ ತಾನೂ ನಕ್ಕ. ಫೈಬರ್ ದೋಣಿಯನ್ನು ತಾನು ಕಟ್ಟಿಕೊಂಡು, ಬಂದರಿನವರೆಗೂ ಪಕ್ಕದಲ್ಲೇ ಬಂದ.

ಫಹಾಹೀಲಿನ ಕಟ್ಟೆಯ ಮೇಲೆ ಮಗ ಮಿಶಾರಿ ಕೈ ಕಟ್ಟಿ ನಿಂತಿದ್ದ. ಅಪ್ಪನ ಸಕ್ಕರೆ ನೋಡಿ ಆಂಬುಲೆನ್ಸಿನವರು ಪರವಾಗಿಲ್ಲ ಎಂದ ಮೇಲೆಯೇ ಅವನ ಕೈ ಸಡಿಲವಾದದ್ದು. ಬೂ ಮಿಶಾರಿ ಮೊಲ್ಲಿಯ ಕಿವಿಯ ಹತ್ತಿರ ಬಂದು, "ಸಿಸ್ಟರ್, ನಾನು ಊಟ ಮಾಡಿಯೇ ಹೊರಟಿದ್ದೆ ಅಂತ ಹೇಳು," ಎಂದು ಬೇಡಿಕೊಂಡ.

"ಹೇಳೂದಿಲ್ಲ, ಬಾಬಾ," ಎಂದಳು ಮೊಲ್ಲಿ. ಮಗನಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ದೋಣಿಯ ಕೀ ಮಗನ ಜೇಬಿಗೆ ಹೋಯಿತು. ಮುದುಕನ ಮುಖ ಬಾಡಿದ್ದು ನೋಡಲಾಗದೆ ಅವಳೇ ಮತ್ತೆ ಹೇಳಿದಳು: "ಒಬ್ಬರೇ ಹೋಗೂದು ಬೇಡ, ಅಷ್ಟೆ. ಮುಂದಿನ ಶುಕ್ರವಾರ ಈ ದೋಣಿಯನ್ನು ನಾವು ವಾಪಸ್ ತೆಗೊಂಡು ಹೋಗ್ಬೇಕಲ್ಲ. ನಮ್ಮ ಜೊತೆ ಬರ್ಲಿ. ಊಟ ನನ್ನ ಕಣ್ಣೆದುರೇ ಮಾಡ್ಲಿ." ಮಿಶಾರಿ ಜೇಬಿನ ಕೀಯನ್ನು ತಡವಿಕೊಂಡು, ಇದು ಆಗಬಹುದು ಎಂದ.

ಆ ವಾರವಿಡೀ ರೋಕ್ ಗ್ಯಾಸ್ಕೆಟ್ ಹುಡುಕಿದ. ಅರ್ದಿಯಾದ ಅಂಗಡಿಯೊಂದರಲ್ಲಿ ಸಿಕ್ಕಿತು ಕೂಡ. ಶುಕ್ರವಾರ ಸಲಕರಣೆಯ ಪೆಟ್ಟಿಗೆ ಸಮೇತ ಫಹಾಹೀಲಿಗೆ ಬಂದು, "ಗಾಳಿ ಎದುರು ಉಂಟು. ಎಂಜಿನ್ ಎಬ್ಬಿಸಿದ್ರೆ ಬೇಗ ಮುಟ್ಟಬಹುದು," ಎಂದ.

"ಬೇಗ ಮುಟ್ಟಿ ಎಂತ ಮಾಡ್ಲಿಕ್ಕುಂಟು?" ಎಂದಳು ಮೊಲ್ಲಿ. "ಮಲಗಿದವಳು ಮಲಗಿರ್ಲಿ."

ಎದುರು ಗಾಳಿಗೆ ನೇರ ಹೋಗಲಾಗುವುದಿಲ್ಲ. ಓರೆಯಾಗಿ ಒಮ್ಮೆ ಆಚೆ, ಒಮ್ಮೆ ಈಚೆ, ಬೆಟ್ಟದ ರಸ್ತೆಯ ತಿರುವುಗಳ ಹಾಗೆ ಹತ್ತಬೇಕು. ಪ್ರತಿ ತಿರುವಿಗೂ ಮೊಲ್ಲಿ "ತಲೆ!" ಎಂದು ಕೂಗುತ್ತಿದ್ದಳು; ಮೂರು ತಲೆಗಳು ಒಟ್ಟಿಗೆ ಬಗ್ಗುತ್ತಿದ್ದವು; ಅಡ್ಡಕಂಬ ದಾಟುತ್ತಿತ್ತು. ಒಂದು ಸಲ ತಡವಾಗಿ ತಿರುಗಿಸಿ ದೋಣಿ ಗಾಳಿಯಲ್ಲಿ ಸಿಕ್ಕಿಕೊಂಡು ಹಿಂದಕ್ಕೇ ಹೋಯಿತು. ಮಹಬೂಲಾದ ಕಟ್ಟಡಗಳು ಎಷ್ಟು ಹೊತ್ತಾದರೂ ಅಲ್ಲೇ ನಿಂತಿದ್ದವು. ಬೂ ಮಿಶಾರಿ ಆಮಿನಮ್ಮನ ತುಪ್ಪದನ್ನವನ್ನು, ಮೊಲ್ಲಿ ಅಳೆದು ಕೊಟ್ಟಷ್ಟನ್ನು, ಗೊಣಗುತ್ತ ತಿಂದು, ಹಿಂದೊಂದು ಗಾಳ ಇಳಿಬಿಟ್ಟು ಕೂತಿದ್ದ. ಒಂದು ಮೀನೂ ಬೀಳಲಿಲ್ಲ.

ಕೊನೆಗೂ ಮರೀನಾದ ಒಡ್ಡು ಹತ್ತಿರವಾಯಿತು. ರೋಕ್ ಎದ್ದು ನಿಂತು, ಕೈಗಳನ್ನು ಉಜ್ಜಿಕೊಂಡ.

"ಆಯ್ತು, ಒಳಗೆ ತೆಗೆ. ಹಾಯಿ ಇಳಿಸ್ತೇನೆ."

ಮೊಲ್ಲಿ ಒಡ್ಡನ್ನು ನೋಡಿದಳು, ಸೂರ್ಯನನ್ನು ನೋಡಿದಳು. ಹಿಡಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ದೋಣಿಯ ಮೂತಿ ನಿಧಾನವಾಗಿ ಒಡ್ಡಿನಿಂದ ದೂರ ಸರಿಯಿತು.

"ಎಂತ ಮಾಡ್ತಿ, ಮೊಲ್ಲಿ?"

"ಬೆಳಕು ಇನ್ನೂ ಉಂಟಲ್ಲ," ಎಂದಳು ಅವಳು. "ಒಂದು ಸುತ್ತು ಹೋಗಿ ಬರುವ. ತಲೆ!"

ಮೂರೂ ತಲೆಗಳು ಬಗ್ಗಿದವು.